ಶಾಸ್ತ್ರಗ್ರಂಥದ ಕಟ್ಟಡ

ನಮ್ಮ ಸಂಘದ ಪುಸ್ತಕಭಂಡಾರಕ್ಕೆ ಈಚೆಗೆ ಬಂದು ಸೇರಿದ ಗ್ರಂಥಗಳಲ್ಲಿ ವಿಶ್ವವಿದ್ಯಾನಿಲಯದ ಪದವಿಗಾಗಿ ಬರೆದು ಆಮೇಲೆ ಅಚ್ಚಿಗೆ ಕೊಟ್ಟ ಮಹಾಪ್ರಬಂಧಗಳೇ ಹೆಚ್ಚು. ಅವುಗಳಲ್ಲಿ ಏಳೆಂಟನ್ನು ಕಳೆದ ಮಳೆಗಾಲದಲ್ಲಿ ಒಂದರ ಬೆನ್ನಿಗೆ ಒಂದರಂತೆ ಓದುವ ಪ್ರಸಂಗವು ಈ ಲೇಖಕನಿಗೆ ಒದಗಿತು. ವಿಷಯಗಳು ಬೇರೆ ಬೇರೆ. ಒಂದು ಚಂಪೂಕವಿಯೊಬ್ಬನನ್ನು ಕುರಿತದ್ದು, ಒಂದು ಯಾವುದೋ ಸೀಮೆಯ ಶಾಸನಗಳನ್ನು, ಮತ್ತೊಂದು ಬೀಸುವ ಕಲ್ಲಿನ ಹಾಡುಗಳನ್ನು. ಆದರೆ ಒಡಲು ಮಾತ್ರ ಎಲ್ಲಕ್ಕೂ ಒಂದೇ. ಮೊದಲು ಪೀಠಿಕೆ, ಬಳಿಕ ಹಿಂದಿನವರ ಕೆಲಸದ ಸಮೀಕ್ಷೆ, ಬಳಿಕ ಕಾಲ, ದೇಶ, ಮತ, ಆಮೇಲೆ ಎರಡು ಅಧ್ಯಾಯಗಳಲ್ಲಿ ವಸ್ತುವಿನ ವಿವರ, ಕಡೆಯಲ್ಲಿ ಉಪಸಂಹಾರ, ಎಂದರೆ ಹಿಂದೆ ಹೇಳಿದುದನ್ನೇ ಇನ್ನೊಮ್ಮೆ ಹೇಳುವುದು. ಒಂದು ಗ್ರಂಥದ ಮೂರನೆಯ ಅಧ್ಯಾಯವನ್ನು ಕಿತ್ತು ಇನ್ನೊಂದಕ್ಕೆ ಹೊಲಿದರೆ ರಟ್ಟು ಕಟ್ಟುವವನಿಗಲ್ಲದೆ ಮತ್ತಾರಿಗೂ ತಿಳಿಯಲಾರದೆಂದು ಒಂದು ಸಂಜೆ ತೋರಿತು.

ಇದು ವಿದ್ವಾಂಸರ ಶ್ರಮವನ್ನು ಹಳಿಯುವ ಮಾತಲ್ಲ. ಆ ಪ್ರಬಂಧಗಳಲ್ಲಿ ಒಂದೆರಡರ ಹಿಂದೆ ವರ್ಷಗಟ್ಟಲೆ ಊರೂರು ತಿರುಗಿದ ಕಾಲಿನ ದಣಿವು ಕಾಣುತ್ತದೆ. ಪ್ರಶ್ನೆಯು ಬೇರೆ. ಶಾಸ್ತ್ರಗ್ರಂಥಕ್ಕೆ ಒಂದು ಕಟ್ಟಡವೇಕೆ ಬೇಕು? ಕಾವ್ಯಕ್ಕೆ ಬಂಧವು ಸೊಗಸಿಗಾಗಿ, ರಸಕ್ಕಾಗಿ ಎನ್ನಬಹುದು. ಶಾಸ್ತ್ರದಲ್ಲಿ ಸೊಗಸು ಎರಡನೆಯದು. ಅಲ್ಲಿ ಅಧ್ಯಾಯವಿಭಾಗವೂ ಕ್ರಮವೂ ಓದುಗನಿಗೆ ಕೊಡುವ ಒಂದು ಮಾತು: ನಾನು ಸಾಧಿಸಹೊರಟುದು ಇದು, ಇದನ್ನು ಅಲ್ಲವೆನ್ನುವವರು ಇವರು, ನನ್ನ ಆಧಾರವು ಇಲ್ಲಿದೆ, ನೀನು ನನ್ನೊಡನೆ ಜಗಳವಾಡಬೇಕಾದರೆ ಇಗೋ ಈ ಸ್ಥಳದಲ್ಲಿ ನಿಂತು ಆಡು. ಈ ಮಾತನ್ನು ಕೊಡದ ಗ್ರಂಥವು ಎಷ್ಟು ಅಧ್ಯಾಯಗಳಾಗಿ ಸೀಳಿದ್ದರೂ ಕಟ್ಟಿದುದಾಗುವುದಿಲ್ಲ, ಒಟ್ಟಿದುದಾಗುತ್ತದೆ. ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಎರಡು ಮೂರು ನಿದರ್ಶನಗಳನ್ನು ವಾಚಕರ ಮುಂದಿಟ್ಟು, ಆಮೇಲೆ ಈಗಿನ ಪ್ರಬಂಧಗಳ ಅಚ್ಚು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸೋಣ.

ಗ್ರಂಥದ ಬಾಗಿಲಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬ ಸಂಪ್ರದಾಯವು ಎಲ್ಲರಿಗೂ ತಿಳಿದುದೇ. ಅದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಅದಕ್ಕಿಂತ ಬೆಲೆಯುಳ್ಳ ಪಾಠವು ಕೌಟಿಲ್ಯನಲ್ಲಿದೆ. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಸಂಗತಿ ನಾಡಿನ ಹೆಮ್ಮೆಯಾಗಿ ಆಗಾಗ ಉಚ್ಚರಿಸಲ್ಪಡುತ್ತದೆ. ಆ ಗ್ರಂಥದ ರಾಜನೀತಿಯನ್ನು ಕುರಿತು ಮಾತನಾಡುವವರು ಬಹಳ; ಅದರ ಕಟ್ಟಡವನ್ನು ಗಮನಿಸಿದವರು ಕಡಮೆ. 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ ಎಂದು ಗ್ರಂಥವು ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಮೊದಲ ಅಧ್ಯಾಯವೇ ಪ್ರಕರಣಗಳ ಪಟ್ಟಿ. ಕಡೆಯ ಅಧಿಕರಣದಲ್ಲಿ ಒಂದೇ ಅಧ್ಯಾಯ. ಅದರ ಹೆಸರು ತಂತ್ರಯುಕ್ತಿ. ಶಾಸ್ತ್ರವನ್ನು ಕಟ್ಟುವ 32 ಉಪಾಯಗಳನ್ನು ಅಲ್ಲಿ ಒಂದೊಂದಾಗಿ ಹೆಸರಿಸಿ, ಲಕ್ಷಣ ಹೇಳಿ, ಪ್ರತಿಯೊಂದಕ್ಕೂ ತನ್ನ ಗ್ರಂಥದಿಂದಲೇ ಉದಾಹರಣೆ ಕೊಟ್ಟಿದ್ದಾನೆ. ವಿಷಯಗಳ ಅನುಕ್ರಮವನ್ನು ಹೇಳುವುದು ವಿಧಾನ. ಪರರ ಮತವನ್ನು ಎತ್ತಿ ಹೇಳುವುದು ಅಪದೇಶ. ಪರರು ಬಳಸದ ತನ್ನದೇ ಪರಿಭಾಷೆಯು ಸ್ವಸಂಜ್ಞೆ. ಮುಂದೆ ಹೇಳುವೆನೆಂಬುದು ಅನಾಗತಾವೇಕ್ಷಣ, ಹಿಂದೆ ಹೇಳಿದೆನೆಂಬುದು ಅತಿಕ್ರಾಂತಾವೇಕ್ಷಣ. ಮನೆ ಕಟ್ಟಿ ಮುಗಿಸಿದ ಮೇಸ್ತ್ರಿಯು ತನ್ನ ಉಳಿ ಬಾಚಿಗಳನ್ನೆಲ್ಲ ಜಗಲಿಯ ಮೇಲೆ ಹರಡಿ, ಯಾವ ತೊಲೆಗೆ ಯಾವುದನ್ನು ಹಾಕಿದೆನೆಂದು ತೋರಿಸಿದಂತಾಯಿತು. ಈಗಿನ ಪ್ರಬಂಧಗಳಲ್ಲಿ ‘ಅಧ್ಯಯನದ ವಿಧಾನ’ವೆಂಬ ಪುಟವೊಂದು ಪೀಠಿಕೆಯಲ್ಲಿ ತಪ್ಪದೆ ಇರುತ್ತದೆ. ಆದರೆ ಅಲ್ಲಿ ಹೆಸರಿಸಿದ ಉಪಕರಣವು ಮುಂದಣ ಯಾವ ಪುಟದಲ್ಲಿ ಮರಕ್ಕೆ ತಾಗಿತೆಂಬುದನ್ನು ಹುಡುಕಿಯೇ ತಿಳಿಯಬೇಕು.

ಆ 32ರಲ್ಲಿ ಪೂರ್ವಪಕ್ಷ, ಉತ್ತರಪಕ್ಷ ಎಂಬೆರಡೂ ಸೇರಿವೆ. ಅವನ್ನು ಆತನು ಬಳಸುವ ಬಗೆಯನ್ನು ತಿಳಿಯಬೇಕೆನ್ನುವವರು ಮೊದಲನೆಯ ಅಧಿಕರಣದ ಎಂಟನೆಯ ಅಧ್ಯಾಯವನ್ನು ನೋಡಬೇಕು. ಅರಸನು ಯಾರನ್ನು ಅಮಾತ್ಯರನ್ನಾಗಿ ಮಾಡಿಕೊಳ್ಳಬೇಕೆಂಬುದು ಪ್ರಶ್ನೆ. ಜೊತೆಯಲ್ಲಿ ಓದಿದವರನ್ನು, ಅವರ ಶುದ್ಧಿ ಸಾಮರ್ಥ್ಯಗಳನ್ನು ಕಣ್ಣಾರೆ ಕಂಡಿರುವುದರಿಂದ, ಎಂದು ಭಾರದ್ವಾಜನು ಹೇಳುತ್ತಾನೆ. ಸಲ್ಲದು, ಜೊತೆಯಲ್ಲಿ ಆಡಿದವರು ಅರಸನನ್ನು ಲೆಕ್ಕಿಸುವುದಿಲ್ಲ. ಗುಟ್ಟಿನಲ್ಲಿ ಸಮಾನರಾದವರನ್ನು ಮಾಡಬೇಕು, ತಮ್ಮ ಮರ್ಮವನ್ನು ಅರಸನು ಬಲ್ಲನೆಂಬ ಅಂಜಿಕೆ ಅವರಿಗಿರುತ್ತದೆ ಎಂದು ವಿಶಾಲಾಕ್ಷ. ಆ ಅಂಜಿಕೆ ಇಬ್ಬರಿಗೂ ಸಮನಲ್ಲವೆ, ಪ್ರಾಣಾಪಾಯದಲ್ಲಿ ಕೈಹಿಡಿದವರೇ ಲೇಸೆಂದು ಪರಾಶರನ ಪಕ್ಷ. ಅದು ಭಕ್ತಿಯಾಯಿತೇ ಹೊರತು ಬುದ್ಧಿಗುಣವಾಗಲಿಲ್ಲ, ವಹಿಸಿದ ಕೆಲಸದಲ್ಲಿ ಗೊತ್ತುಮಾಡಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಆದಾಯವನ್ನು ತಂದವರನ್ನು ಆರಿಸಬೇಕೆಂದು ಪಿಶುನ. ಮಿಕ್ಕ ಗುಣಗಳಿಲ್ಲದಿದ್ದರೆ ಅವರಿಂದೇನು, ತಂದೆತಾತಂದಿರ ಕಾಲದಿಂದ ಬಂದವರು ಬೇಕೆಂದು ಕೌಣಪದಂತ. ಅವರು ಎಲ್ಲವನ್ನೂ ವಶಮಾಡಿಕೊಂಡು ತಾವೇ ಒಡೆಯರಾಗುವರು, ನೀತಿಯನ್ನು ಬಲ್ಲ ಹೊಸಬರನ್ನು ತರಬೇಕೆಂದು ವಾತವ್ಯಾಧಿ. ಶಾಸ್ತ್ರವನ್ನು ಬಲ್ಲವನು ಕೆಲಸವನ್ನು ಕಾಣದಿದ್ದರೆ ಎಡವುವನು, ಕುಲ, ಪ್ರಜ್ಞೆ, ಶುದ್ಧಿ, ಶೌರ್ಯ, ಸ್ವಾಮಿಭಕ್ತಿಗಳುಳ್ಳವರನ್ನು ಮಾಡಬೇಕೆಂದು ಬಾಹುದಂತೀಪುತ್ರ. ಇಷ್ಟು ಜನರ ಬಾಯಿಯನ್ನು ಬಿಡಿಸಿದ ಮೇಲೆ ಕೌಟಿಲ್ಯನು ಏನು ಹೇಳುತ್ತಾನೆ? ನೀವೆಲ್ಲರೂ ಮೂಢರೆಂದಲ್ಲ. ಎಲ್ಲವೂ ಸರಿಯೇ, ಪುರುಷನ ಸಾಮರ್ಥ್ಯವನ್ನು ಕಾರ್ಯದಿಂದ ಗೊತ್ತುಮಾಡಬೇಕಾದುದರಿಂದ, ದೇಶ ಕಾಲ ಕರ್ಮಗಳನ್ನು ನೋಡಿ ಇವರೆಲ್ಲರನ್ನೂ ಅಮಾತ್ಯರನ್ನಾಗಿ ಮಾಡಬಹುದು, ಮಂತ್ರಿಗಳನ್ನಾಗಿ ಮಾತ್ರ ಅಲ್ಲ ಎನ್ನುತ್ತಾನೆ.

ಒಂದು ಸಣ್ಣ ಅಧ್ಯಾಯದಲ್ಲಿ ಏಳು ಪಕ್ಷಗಳು. ಒಂದೊಂದಕ್ಕೂ ಹೆಸರುಂಟು, ಕಾರಣವುಂಟು, ಆ ಕಾರಣಕ್ಕೆ ಬಂದ ಏಟೂ ಉಂಟು. ಹಿಂದಿನವರ ಮತವು ಇಲ್ಲಿ ಸಮೀಕ್ಷೆಯೆಂಬ ಬೇರೆ ಕೊಟಡಿಯಲ್ಲಿ ಧೂಳು ತಿನ್ನುತ್ತ ಕುಳಿತಿಲ್ಲ. ಅದು ವಾದದ ಮೆಟ್ಟಲಾಗಿದೆ. ಒಂದು ಮೆಟ್ಟಲನ್ನು ತೆಗೆದರೂ ಕಡೆಯ ತೀರ್ಪು ನೆಲವಿಲ್ಲದೆ ನಿಲ್ಲಬೇಕಾಗುತ್ತದೆ. ನಮ್ಮ ಪ್ರಬಂಧಗಳ ಎರಡನೆಯ ಅಧ್ಯಾಯವನ್ನು ಪೂರ್ತಿಯಾಗಿ ತೆಗೆದುಹಾಕಿ ಓದಿದೆನಾದರೆ ಮೂರನೆಯದಕ್ಕೆ ಏನೊಂದೂ ಕೊರತೆಯಾಗಲಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ.

ಮೀಮಾಂಸಕರು ಇದನ್ನೇ ಇನ್ನೂ ಬಿಗಿಮಾಡಿ ಅಧಿಕರಣಕ್ಕೆ ಐದು ಅಂಗಗಳನ್ನು ಗೊತ್ತುಮಾಡಿದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇವುಗಳಲ್ಲಿ ನನಗೆ ಮಿಗಿಲಾಗಿ ತೋರುವುದು ಸಂಶಯ. ಸಂಶಯವಿಲ್ಲದ ಕಡೆ ಅಧಿಕರಣವೇ ಹುಟ್ಟದು. ಎಲ್ಲರೂ ಒಪ್ಪಿದುದನ್ನು ಮುನ್ನೂರು ಪುಟಗಳಲ್ಲಿ ಮತ್ತೆ ಸ್ಥಾಪಿಸುವವನನ್ನು ಅವರು ತಮ್ಮ ಸಭೆಯ ಹೊಸ್ತಿಲಲ್ಲಿಯೇ ತಡೆಯುತ್ತಿದ್ದರು. ಸಂಗತಿಯೂ ಕಡಮೆಯದಲ್ಲ, ಈ ವಿಚಾರವು ಇಲ್ಲಿಯೇ, ಹಿಂದಣ ವಿಚಾರದ ಬೆನ್ನಿಗೇ, ಏಕೆ ಬಂದಿತೆಂದು ಅಧಿಕರಣವೊಂದೊಂದೂ ಉತ್ತರ ಕೊಡಬೇಕು.

ಕ್ರಮದ ಮಾತು ಬಂದಿತು. ಪಾಣಿನಿಯನ್ನು ಬಿಟ್ಟು ಕ್ರಮವನ್ನು ಕುರಿತು ಮಾತನಾಡುವುದು ಹೇಗೆ? ಅಷ್ಟಾಧ್ಯಾಯಿಯಲ್ಲಿ 8 ಅಧ್ಯಾಯ, 32 ಪಾದ, ಸುಮಾರು 4000 ಸೂತ್ರಗಳು. ಹೊಸದಾಗಿ ನೋಡುವವನಿಗೆ ಅದು ಗೊಂದಲದ ಸಂತೆಯಂತೆ ಕಾಣುತ್ತದೆ. ಸಂಧಿಯ ಸೂತ್ರ ಒಂದು ಕಡೆ, ಅದರ ನಂಟಿನದು ಎರಡು ಅಧ್ಯಾಯಗಳಾಚೆ. ಆದರೆ ಅಲ್ಲಿ ಕ್ರಮವೇ ಒಂದು ವಿಧಿ. ಮೇಲಣ ಸೂತ್ರದ ಪದವು ಕೆಳಗಿನದಕ್ಕೆ ತಾನಾಗಿ ಹರಿದು ಬರುತ್ತದೆ, ಅದನ್ನು ಅನುವೃತ್ತಿಯೆನ್ನುತ್ತಾರೆ. ಸಮಬಲದ ಎರಡು ಸೂತ್ರಗಳು ಒಂದೇ ಸ್ಥಳದಲ್ಲಿ ತಾಗಾಡಿದರೆ ಪಾಠದಲ್ಲಿ ಹಿಂದೆ ಬಂದುದಕ್ಕಿಂತ ಮುಂದೆ ಬಂದುದೇ ಗೆಲ್ಲತಕ್ಕದ್ದೆಂಬುದು ಗೊತ್ತಾದ ನಿಯಮ. ಕಡೆಯ ಮೂರು ಪಾದಗಳ ಕಾರ್ಯವು ಅದಕ್ಕೆ ಹಿಂದಿನ ಸೂತ್ರಗಳ ಪಾಲಿಗೆ ನಡೆದೇ ಇಲ್ಲದಂತೆ. ಹೀಗಿರುವಲ್ಲಿ ಒಂದು ಸೂತ್ರವನ್ನು ಅದರ ಸ್ಥಳದಿಂದ ಕದಲಿಸಿದರೆ ಅಕ್ಷರವೊಂದೂ ಬದಲಾಗದೆಯೇ ಅರ್ಥವು ಬದಲಾಗುತ್ತದೆ.

ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತನು ಇದನ್ನು ತಿಳಿದೂ ಸೂತ್ರಗಳನ್ನು ಕದಲಿಸಿದನು. ಧರ್ಮಕೀರ್ತಿಯ ರೂಪಾವತಾರವೂ ರಾಮಚಂದ್ರನ ಪ್ರಕ್ರಿಯಾಕೌಮುದಿಯೂ ಆತನಿಗೆ ದಾರಿಯನ್ನು ತೋರಿದ್ದುವು. ಸಂಧಿಯನ್ನು ಕಲಿಯುವವನಿಗೆ ಸಂಧಿಸೂತ್ರಗಳು ಒಂದೆಡೆ, ಸುಬಂತವನ್ನು ಕಲಿಯುವವನಿಗೆ ಅವು ಒಂದೆಡೆ ಸಿಕ್ಕುವಂತೆ ಸಿದ್ಧಾಂತಕೌಮುದಿಯನ್ನು ಹೊಂದಿಸಿದನು. ಲಾಭವು ಸ್ಪಷ್ಟವೇ ಆಗಿದೆ. ಇಂದಿಗೂ ಪಾಠಶಾಲೆಗಳಲ್ಲಿ ನಡೆಯುವುದು ಆ ಗ್ರಂಥವೇ. ತೆತ್ತ ಬೆಲೆಯೂ ಉಂಟು. ಅನುವೃತ್ತಿಯು ಎಲ್ಲಿಂದ ಬಂದಿತೆಂಬುದನ್ನು ವಿದ್ಯಾರ್ಥಿಯು ಈಗ ಕಣ್ಣಿನಿಂದ ಕಾಣಲಾರ, ವೃತ್ತಿಕಾರನ ಮಾತನ್ನು ನಂಬಬೇಕು. ಪಾಣಿನಿಯ ಕ್ರಮವು ಶಾಸ್ತ್ರದ ಲಾಘವಕ್ಕಾಗಿ, ದೀಕ್ಷಿತನ ಕ್ರಮವು ಕಲಿಯುವವನ ಸೌಕರ್ಯಕ್ಕಾಗಿ. ಯಾವುದು ಮೇಲೆಂಬ ಹಳೆಯ ಜಗಳದಲ್ಲಿ ಈ ಲೇಖಕನು ತಲೆಹಾಕುವುದಿಲ್ಲ. ಇಬ್ಬರಿಗೂ ತಮ್ಮ ಕ್ರಮವು ಏಕೆ ಹಾಗಿದೆಯೆಂಬುದು ಗೊತ್ತಿತ್ತು, ನಮಗೆ ಅಷ್ಟು ಸಾಕು.

ಇನ್ನು ಕನ್ನಡಕ್ಕೆ ಬರೋಣ. ಕವಿರಾಜಮಾರ್ಗವು ದಂಡಿಯ ಹಾದಿಯಲ್ಲಿ ಮೂರು ಪರಿಚ್ಛೇದಗಳಾಗಿ ನಡೆದಿರುವುದು ಪ್ರಸಿದ್ಧವಾದ ವಿಷಯ. ಶಾಸ್ತ್ರದ ಕಟ್ಟಡಕ್ಕೆ ಅದಕ್ಕಿಂತಲೂ ಒಳ್ಳೆಯ ಮಾದರಿಯು 1260ರ ಸುಮಾರಿನ ಕೇಶಿರಾಜನ ಶಬ್ದಮಣಿದರ್ಪಣವೆಂದು ನನ್ನ ಅಭಿಪ್ರಾಯ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳು. ಮೊದಲಲ್ಲಿ ಪೀಠಿಕೆ, ಕಡೆಯಲ್ಲಿ ಪ್ರಯೋಗಸಾರ. ಸಂಧಿಯಿಂದ ಹೊರಡುವ ಈ ಕ್ರಮವು ಸಂಸ್ಕೃತದ ಕಾತಂತ್ರವ್ಯಾಕರಣದಲ್ಲಿಯೂ ಇರುವುದೇ. ಆದರೆ ಧಾತುಗಳ ಪಟ್ಟಿ, ತದ್ಭವಗಳ ವಿಚಾರ, ೞಕಾರವುಳ್ಳ ಶಬ್ದಗಳ ಪಟ್ಟಿ, ಇವು ಕನ್ನಡದ ಅಗತ್ಯದಿಂದ ಹುಟ್ಟಿದುವು. ಜನರ ಬಾಯಿಂದ ೞಕಾರವು ಜಾರುತ್ತಿದ್ದ ಕಾಲದಲ್ಲಿ, ಲಕ್ಷಣವೊಂದನ್ನೇ ಹೇಳಿದರೆ ಸಾಲದು, ಶಬ್ದಗಳನ್ನೇ ಎಣಿಸಿ ಕೊಡಬೇಕೆಂದು ಆತನು ಕಂಡುಕೊಂಡನು. ಪಟ್ಟಿಯನ್ನು ಎಲ್ಲಿ ಕೊಡಬೇಕು, ನಿಯಮವನ್ನು ಎಲ್ಲಿ ಕೊಡಬೇಕೆಂಬ ಈ ವಿವೇಕವು ಸಾಮಾನ್ಯವಾದುದಲ್ಲ.

ಇದಕ್ಕಿಂತ ಹೆಚ್ಚಿನದು ಆತನ ಒಳಕಟ್ಟು. ಸೂತ್ರವು ಕಂದಪದ್ಯ, ಅದರ ಕೆಳಗೆ ತನ್ನದೇ ವೃತ್ತಿ, ಗದ್ಯದಲ್ಲಿ, ಅದರ ಕೆಳಗೆ ಪ್ರಯೋಗ, ಹಿಂದಿನ ಕವಿಗಳ ಕಾವ್ಯದಿಂದ. ನೆನಪಿಗೆ ಒಂದು, ತಿಳಿವಿಗೆ ಒಂದು, ಪರೀಕ್ಷೆಗೆ ಒಂದು. ಸೂತ್ರವು ತಪ್ಪೆಂದು ತೋರಿಸಬಯಸುವವನಿಗೆ ಬೇಕಾದ ಸಾಮಗ್ರಿಯನ್ನು ಕೇಶಿರಾಜನೇ ಮೂರನೆಯ ಅಂತಸ್ತಿನಲ್ಲಿ ಇಟ್ಟು ಹೋಗಿದ್ದಾನೆ. ಯಾವ ಕವಿಗಳ ಮಾರ್ಗವು ತನಗೆ ಲಕ್ಷ್ಯವೆಂಬುದನ್ನು ಪೀಠಿಕೆಯಲ್ಲಿ ಹೆಸರು ಹಿಡಿದು ಹೇಳಿದ್ದಾನೆ. ಗಜಗ, ಮನಸಿಜ ಮೊದಲಾದ ಅವರಲ್ಲಿ ಕೆಲವರ ಕಾವ್ಯಗಳು ನಮ್ಮ ಕೈಗೆ ಬಂದಿಲ್ಲ. ಆಧಾರವನ್ನು ತೋರಿಸಬೇಕೆಂಬ ವ್ಯಾಕರಣಕಾರನ ಹಟದಿಂದ ಎಷ್ಟೋ ಪದ್ಯಗಳು ನಾಡಿಗೆ ಉಳಿದವು.

1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತಸೂತ್ರಗಳ ಶಬ್ದಾನುಶಾಸನವನ್ನು ರಚಿಸಿ, ಅದರ ಮೇಲೆ ವೃತ್ತಿಯನ್ನೂ ವೃತ್ತಿಯ ಮೇಲೆ ವ್ಯಾಖ್ಯಾನವನ್ನೂ ಏರಿಸಿದನು. ಪಾಂಡಿತ್ಯದಲ್ಲಿ ಆತನು ಯಾರಿಗೂ ಕಡಮೆಯಲ್ಲ. ಆದರೆ ಕನ್ನಡವನ್ನು ಕಲಿಯುವುದಕ್ಕೆ ಮೊದಲು ಸಂಸ್ಕೃತದಲ್ಲಿ ಮೂರು ಮಹಡಿಗಳನ್ನು ಹತ್ತಬೇಕಾದ ಮನೆಗೆ ನೆಂಟರು ಕಡಮೆ ಬಂದರೆ ಆಶ್ಚರ್ಯವಿಲ್ಲ.

ಹಿಂದಿನವರ ಕಟ್ಟಡದಲ್ಲಿ ಬಿರುಕುಗಳಿಲ್ಲವೆಂದು ಹೇಳಲಾಗದು. ಪೂರ್ವಪಕ್ಷವೆಂಬುದು ಎಷ್ಟೋ ಕಡೆ ಹೊಡೆಯುವುದಕ್ಕಾಗಿಯೇ ಕಟ್ಟಿದ ಹುಲ್ಲಿನ ಬೆದರುಬೊಂಬೆ. ‘ಕೆಲವರು ಹೇಳುತ್ತಾರೆ’ ಎಂದು ಬರೆದರೆ ಆ ಕೆಲವರು ಯಾರೆಂದು ತಿಳಿಯಲು ನಮ್ಮ ಆಯುಸ್ಸು ಸಾಲದು. ಕೇಶಿರಾಜನೂ ತಾನು ಎತ್ತಿಕೊಂಡ ಪದ್ಯದ ಕೆಳಗೆ ಸಾಮಾನ್ಯವಾಗಿ ಕವಿಯ ಹೆಸರನ್ನು ಬರೆಯುವುದಿಲ್ಲ. ಈ ಆಕರಗಳನ್ನು ಪತ್ತೆಹಚ್ಚುವ ದುಡಿಮೆ ಮುಂದಿನ ವಿದ್ವಾಂಸರ ಪಾಲಿಗೆ ಬಿದ್ದಿತು. ಅಡಿಟಿಪ್ಪಣಿ, ಪಾಠಾಂತರ, ಅಕಾರಾದಿ ಸೂಚಿ, ಇವು ಪಶ್ಚಿಮದ ವಿದ್ವತ್ತಿನಿಂದ ನಮಗೆ ಬಂದ ನಿಜವಾದ ಲಾಭಗಳು. ಸೂಚಿಯಿಲ್ಲದ ಗ್ರಂಥದಲ್ಲಿ ಒಂದು ಹೆಸರನ್ನು ಹುಡುಕಿ ಒಂದು ಮಧ್ಯಾಹ್ನವನ್ನು ಕಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಮ್ಮ ಪ್ರಬಂಧಗಳ ಅಚ್ಚು ಎಲ್ಲಿಯದು? ಪಶ್ಚಿಮದ್ದೆಂದು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಬೇರೆ ಅನುಮಾನವಿದೆ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಮೊದಲ ಸಂಪುಟದಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಪಾಲುಗಾರರು. ಕವಿಯ ಹೆಸರು, ಕಾಲ, ಮತ, ವಂಶ, ಆಶ್ರಯದಾತ, ಗ್ರಂಥಗಳು, ಅವುಗಳಿಂದ ಆಯ್ದ ಪದ್ಯಗಳು. ಹೀಗೆ ಒಬ್ಬೊಬ್ಬ ಕವಿಗೂ ಒಂದೇ ಜಾಡು. ಓಲೆಗಳ ರಾಶಿಯಲ್ಲಿ ಕವಿಗಳು ಹೂತುಹೋಗಿದ್ದ ಕಾಲದಲ್ಲಿ ಆ ಜಾಡಿಗಿಂತ ಉಚಿತವಾದುದು ಬೇರೊಂದಿರಲಿಲ್ಲ. ಅದು ಕೋಶದ ಕ್ರಮ, ಹುಡುಕುವವನಿಗೆ ಹೇಳಿ ಮಾಡಿಸಿದುದು. ಆ ಮಹನೀಯರು ಎರಡು ಮೂರು ಪುಟಗಳಲ್ಲಿ ಮುಗಿಸುತ್ತಿದ್ದ ನಮೂದನ್ನು ನಾವು ಐದು ಅಧ್ಯಾಯಗಳಾಗಿ ಉಬ್ಬಿಸಿ ಪ್ರಬಂಧವೆಂದು ಕರೆದಿದ್ದೇವೆ. ಕಾಲಕ್ಕೆ ಒಂದು ಅಧ್ಯಾಯ, ಮತಕ್ಕೆ ಒಂದು, ಕೃತಿಪರಿಚಯಕ್ಕೆ ಒಂದು. ಕೋಶದ ನಮೂದಿಗೆ ಪೂರ್ವಪಕ್ಷವು ಬೇಕಾಗಿಲ್ಲ, ವಾದಕ್ಕೆ ಬೇಕು. ಅಚ್ಚು ಬದಲಾಗದೆ ಉಳಿದುದರಿಂದ ವಾದಕ್ಕೆ ಕುಳಿತುಕೊಳ್ಳಲು ಸ್ಥಳವೇ ಇಲ್ಲವಾಯಿತು. ಆ ಏಳೆಂಟು ಗ್ರಂಥಗಳಲ್ಲಿ ಒಂದರಲ್ಲಿ ಶಾಸನದ ಕಾಲವನ್ನು ಕುರಿತು ಹಿಂದಿನ ವಿದ್ವಾಂಸರೊಡನೆ ಗ್ರಂಥಕರ್ತರಿಗೆ ನಿಜವಾದ ಭಿನ್ನಾಭಿಪ್ರಾಯವಿತ್ತು. ಬಲವಾದ ಕಾರಣಗಳನ್ನೂ ಕೊಟ್ಟಿದ್ದರು. ಅದು ಎಲ್ಲಿತ್ತೆನ್ನುವಿರಿ? ಅಡಿಟಿಪ್ಪಣಿಯಲ್ಲಿ.

ವಿಜ್ಞಾನದವರಲ್ಲಿಯೂ ಈ ತೊಂದರೆ ಇಲ್ಲದಿಲ್ಲ. ಪೀಠಿಕೆ, ವಿಧಾನ, ಫಲ, ಚರ್ಚೆ ಎಂಬ ನಾಲ್ಕು ಖಾನೆಗಳ ಲೇಖನವು ಅಲ್ಲಿ ಸರ್ವತ್ರ ನಡೆಯುತ್ತಿದೆ. 1960ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಪೀಟರ್ ಮೆಡಾವರರು 1963ರ ರೇಡಿಯೋ ಭಾಷಣವೊಂದರಲ್ಲಿ, ಈ ಬಗೆಯ ಲೇಖನವು ಶೋಧವು ನಡೆದ ರೀತಿಯನ್ನು ಕುರಿತು ತಪ್ಪು ಕಲ್ಪನೆಯನ್ನು ಹುಟ್ಟಿಸುವ ಒಂದು ಮೋಸವಲ್ಲವೆ ಎಂದು ಕೇಳಿದ್ದರು. ಮನಸ್ಸಿನಲ್ಲಿ ಊಹೆಯು ಮೊದಲು, ಪ್ರಯೋಗವು ಆಮೇಲೆ. ಲೇಖನದಲ್ಲಿ ಮಾತ್ರ ಊಹೆಯೇ ಇಲ್ಲದೆ ಸಂಗತಿಗಳು ತಾವಾಗಿ ಬಂದು ಸಾಲುಗೊಂಡಂತೆ ವೇಷ. ಕಂಡ ಕ್ರಮವೂ ಹೇಳುವ ಕ್ರಮವೂ ಒಂದೇ ಆಗಿರಬೇಕೆಂದು ನಾನು ಒಪ್ಪಲಾರೆ. ಪಾಣಿನಿಯು ಸೂತ್ರಗಳನ್ನು ಕಂಡ ಕ್ರಮವು ಅಷ್ಟಾಧ್ಯಾಯಿಯ ಕ್ರಮವಾಗಿದ್ದಿರಲಾರದು. ಆದರೂ ಖಾನೆಗಳ ನಾಲ್ಕು ಗೋಡೆಗಳು ವಿಜ್ಞಾನಿಗೆ ಒಂದು ಉಪಕಾರವನ್ನು ಮಾಡುತ್ತವೆ. ವಿಧಾನವನ್ನು ಓದಿ ಇನ್ನೊಬ್ಬನು ಅದೇ ಪ್ರಯೋಗವನ್ನು ಮಾಡಿ ನೋಡಬಹುದು. ಕೇಶಿರಾಜನ ಮೂರನೆಯ ಅಂತಸ್ತಿನ ಕೆಲಸವೇ ಅದು. ನಮ್ಮ ಸಾಹಿತ್ಯಪ್ರಬಂಧಗಳು ಖಾನೆಗಳನ್ನು ತಂದವು, ಆ ಉಪಕಾರವನ್ನು ತರಲಿಲ್ಲ. ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಹೊರಡಿಸಿ, ಶೇಕಡಾ 10ಕ್ಕೆ ಮೀರಿದ ಹೋಲಿಕೆಗೆ ಶಿಕ್ಷೆಗಳನ್ನು ಗೊತ್ತುಮಾಡಿತು. ಮಾತುಗಳ ಹೋಲಿಕೆಯನ್ನು ಯಂತ್ರವು ಎಣಿಸುತ್ತದೆ. ಅಸ್ಥಿಪಂಜರದ ಹೋಲಿಕೆಯು ಆ ಎಣಿಕೆಗೆ ಸೇರಿದುದಲ್ಲ.

ಇಷ್ಟೆಲ್ಲ ಬರೆಯುವ ಅಧಿಕಾರವು ಈ ಲೇಖಕನಿಗೆ ಎಲ್ಲಿಂದ ಬಂದಿತೆಂದು ಕೇಳಿದರೆ, ತಪ್ಪು ಮಾಡಿದವನ ಅಧಿಕಾರವೆಂದು ಹೇಳಬೇಕು. ಹರೆಯದಲ್ಲಿ ನಾನು ಹಳಗನ್ನಡದ ಸಂಧಿಯನ್ನು ಕುರಿತು 40 ಹಾಳೆಗಳ ಲೇಖನವೊಂದನ್ನು ಬರೆದು, ನೆರೆಯ ಊರಿನ ವೃದ್ಧ ಪಂಡಿತರೊಬ್ಬರಿಗೆ ಒಪ್ಪಿಸಿದ್ದೆನು. ಕೇಶಿರಾಜನ ಕಾಲದ ವಿಚಾರವೇ ಹತ್ತು ಹಾಳೆಗಳಷ್ಟಿತ್ತು. ಅವರು ಮೂರು ದಿನಗಳಿಟ್ಟುಕೊಂಡು ಓದಿ, “ಇದನ್ನು ಅಲ್ಲವೆನ್ನುವವರು ಯಾರು?” ಎಂದು ಕೇಳಿದರು. ಯಾರೂ ಇಲ್ಲವೆಂದು ನಾನು ಕೊಂಚ ಹೆಮ್ಮೆಯಿಂದಲೇ ಹೇಳಿದೆನು. “ಹಾಗಾದರೆ ಇಷ್ಟು ಹೊತ್ತು ಯಾರೊಡನೆ ಮಾತನಾಡಿದೆ?” ಎಂದರು. ಅಲ್ಲವೆನ್ನುವವನನ್ನು ಹುಡುಕಲು ಎರಡು ವರ್ಷ ಹಿಡಿಯಿತು. ಹಳೆಯ ಸಂಚಿಕೆಯೊಂದರಲ್ಲಿ ಸಿಕ್ಕಿದನು. ಆತನ ಆಕ್ಷೇಪವನ್ನು ಮೊದಲಲ್ಲಿಟ್ಟು ಮತ್ತೆ ಬರೆದಾಗ ಕಾಲ, ಮತ, ದೇಶಗಳೆಲ್ಲ ತಾವಾಗಿ ಉದುರಿ 11 ಹಾಳೆಗಳು ಉಳಿದವು. ಅದರಲ್ಲಿಯೂ ಮೂರಕ್ಕೆ ಪಂಡಿತರು ಸೀಸದ ಕಡ್ಡಿಯಿಂದ ಗೆರೆ ಎಳೆದು ಹಿಂದಿರುಗಿಸಿದರು.